ಪದ ಕೆಡಿಸಿದ ಗೋಡೆ

ಇದನ್ನು ಹೇಳುವುದನ್ನು ನಾನು ಹದಿನೆಂಟು ವರ್ಷದಿಂದ ಮುಂದಕ್ಕೆ ಹಾಕಿಕೊಂಡು ಬಂದಿದ್ದೇನೆ. ಮೊದಲು ಮಗಳ ಸಂಸಾರ ನೆಲೆ ನಿಲ್ಲಲಿ ಎಂದೆ. ಆಮೇಲೆ ಹಿಡಿದ ಕೆಲಸ ಮುಗಿಯಲಿ ಎಂದೆ. ಕೆಲಸ ಬಿಟ್ಟ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಎರಡೂ ಕಣ್ಣಿನ ಪೊರೆ ತೆಗೆಸಿ ಮೂರು ವರ್ಷವಾಯಿತು. ಇನ್ನು ನೆಪ ಉಳಿದಿಲ್ಲ.

ನಾನು ಗಾರೆ ಮೇಸ್ತ್ರಿ. ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯವನು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಕರಣೆ ಹಿಡಿದೆ, ನಲವತ್ತೈದು ವರ್ಷ ಅದನ್ನು ಬಿಡಲಿಲ್ಲ. ಈ ಬರಹದಲ್ಲಿ ತಪ್ಪೊಪ್ಪಿಗೆ ಇದೆ, ಗೋಳಾಟವಿಲ್ಲ. ತಪ್ಪು ಮಾಡಿದವನು ಕೈಕಟ್ಟಿ, ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಮಾತಾಡಬೇಕು ಎನ್ನುವವರು ಬೇರೆ ಏನನ್ನಾದರೂ ಓದಿಕೊಳ್ಳಲಿ. ಸಣ್ಣ ದನಿಯಲ್ಲಿ ಮಾತಾಡಿಯೇ ನಾನು ಕೆಟ್ಟದ್ದು.

ಗಾರೆಯವನಿಗೆ ಕಣ್ಣಿನಷ್ಟೇ ಕಿವಿಯೂ ಬೇಕು. ಗಾರೆ ಒಣಗಿದ ಮೇಲೆ ಕರಣೆಯ ಹಿಡಿಯಿಂದ ಗೋಡೆಯನ್ನು ಅಡಿಗೊಂದು ಸಲ ಕುಟ್ಟಿ ನೋಡುತ್ತೇವೆ. ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಖಾಲಿ ಗಡಿಗೆ ಬಡಿದಂತೆ ಕೇಳುತ್ತದೆ. ಚನ್ನಪಟ್ಟಣದಲ್ಲಿ ನಾನು ಕಟ್ಟಿದ ಮನೆಗಳಲ್ಲಿ, ಕನಕಪುರದ ಶಾಲೆ ಕೊಠಡಿಗಳಲ್ಲಿ ಕಣ್ಣು ಮುಚ್ಚಿಕೊಂಡು ಕುಟ್ಟಿ ತಪ್ಪು ಹಿಡಿಯುತ್ತಿದ್ದೆ. ಹೆಂಚಿನ ಮನೆಯಲ್ಲಿ ಮಾತಾಡಿದರೆ ಮಾತು ಮೆತ್ತಗಾಗುತ್ತದೆ, ಕಾಂಕ್ರೀಟ್ ಮೋಲ್ಡ್ ಹಾಕಿದ ಖಾಲಿ ಮನೆಯಲ್ಲಿ ಅದೇ ಮಾತು ಒರಟಾಗುತ್ತದೆ, ಸಾಮಾನು ತುಂಬಿದ ಮೇಲೆ ಮತ್ತೆ ಸರಿಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ವಿರೂಪಾಕ್ಷಿಪುರದ ಕಡೆ ರೇಷ್ಮೆ ಹುಳು ಸಾಕುವ ಮನೆಗಳನ್ನು ಕಟ್ಟುವಾಗಲಂತೂ ಇನ್ನೊಂದು ಸಂಗತಿ ಕಂಡಿದ್ದೆ. ಹೊಸ ಕಟ್ಟಡ ಖಾಲಿ ಇದ್ದಾಗ ಕೆಮ್ಮಿದರೂ ಗುಂಯ್ ಎನ್ನುತ್ತದೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ ಇದೆಯಲ್ಲ, ಚಂದ್ರಿಕೆ, ಅದನ್ನು ಸಾಲಾಗಿ ಗೋಡೆಗೆ ಒರಗಿಸಿದರೆ ಆ ಗುಂಯ್ ಹೋಗಿ ಕೋಣೆ ತೆಪ್ಪಗಾಗುತ್ತದೆ. ಯಾಕೆ ಹಾಗೆ ಎಂದು ನಾನು ಕೇಳಿಕೊಳ್ಳಲಿಲ್ಲ. ಹುಳುವಿಗೆ ನೆಮ್ಮದಿ ಎಂದುಕೊಂಡು ಸುಮ್ಮನಾದೆ.

ನಮ್ಮೂರಿಗೆ ಸಮುದಾಯ ಭವನ ಬಂದಾಗ ಕೆಲಸ ನನಗೇ ಸಿಕ್ಕಿತು. ಜನ ನನ್ನ ಮೇಲೆ ನಂಬಿಕೆ ಇಟ್ಟು ಕೊಟ್ಟರು. ನಾನು ನಕ್ಷೆಯಲ್ಲಿ ಇಲ್ಲದ್ದನ್ನು ಮಾಡಿದೆ. ವೇದಿಕೆಯ ಹಿಂಬದಿಯನ್ನು ಮೊರದ ಹಾಗೆ ಒಳಕ್ಕೆ ಬಾಗಿಸಿದೆ. ಎದುರಿಗೆ ಬಾಗಿಲ ಕಡೆಯ ಗೋಡೆಯನ್ನೂ ಅದಕ್ಕೆ ಜೋಡಿಯಾಗಿ ಬಾಗಿಸಿದೆ. ನಡುವೆ ಎಂಬತ್ತು ಅಡಿ. ಸುತ್ತಮುತ್ತ ಎಲ್ಲೂ ಅಂಥದ್ದು ಇರಲಿಲ್ಲ. ನೇರ ಗೋಡೆ ಯಾರು ಬೇಕಾದರೂ ಕಟ್ಟುತ್ತಾರೆ, ಬಾಗಿದ ಗೋಡೆಗೆ ಕನ್ನಡಿಯಂಥ ಗಾರೆ ಎಳೆಯುವುದಕ್ಕೆ ಕೈ ಬೇಕು. ನನಗೆ ಕೈ ಇತ್ತು. ಈಗಲೂ ಹೇಳುತ್ತೇನೆ, ಆ ಕೆಲಸದಲ್ಲಿ ಒಂದು ಕೂದಲೆಳೆ ಓರೆ ತೋರಿಸಿದವರು ಇಲ್ಲ.

ಕೆಲಸ ನೋಡಲು ಬರುತ್ತಿದ್ದ ಇಂಜಿನಿಯರ್ ಒಬ್ಬ ಹೆಣ್ಣುಮಗಳು. ಗಾರೆ ಶುರುಮಾಡುವ ಮುಂಚೆ ಆಕೆ ವೇದಿಕೆ ಮೇಲೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದಳು.

“ಮೇಸ್ತ್ರೀ, ಎರಡು ಗೋಡೆನೂ ಬಾಗಿಸಿಬಿಟ್ಟಿದ್ದೀರ. ದನಿ ಬೇರೆ ಕಡೆ ಹೋಗದೆ ಒಂದೇ ಜಾಗಕ್ಕೆ ವಾಪಸ್ ಬರುತ್ತೆ. ಹೋಗಲಿ, ಬಾಗಿಲ ಕಡೆ ಇರೋ ಹಿಂದಿನ ಗೋಡೆನಾದರೂ ನುಣುಪು ಮಾಡಬೇಡಿ. ಒರಟಾಗೇ ಬಿಡಿ.”

“ಒರಟು ಬುಟ್ರೆ ಮೇಸ್ತ್ರಿಗೆ ಕೈ ಬರಕಿಲ್ಲ ಅಂತಾರೆ ಕಣಮ್ಮ.”

“ಯಾರಾದರೂ ಅಂದರೆ ನನ್ನ ಹೆಸರು ಹೇಳಿ.”

“ಮೊಳಗೋದು ಒಳ್ಳೇದೇ ಅಲ್ವಾ?”

“ಮೊಳಗೋದು ಗಂಟೆಗೆ ಒಳ್ಳೇದು. ಮಾತಿಗಲ್ಲ.”

ನಮ್ಮ ಕಡೆ ಕಟ್ಟಡವನ್ನು ಹೊಗಳುವಾಗ ಹೇಳುವ ಮಾತೇ ಅದು: ‘ಏನ್ ಮೊಳಗ್ತದೆ ನೋಡು.’ ಗರ್ಭಗುಡಿಯಲ್ಲಿ ಪೂಜಾರಿಯ ಒಂದು ಮಾತು ಹತ್ತಾಗಿ ಕೇಳಿದರೆ ದೇವರು ಓಗೊಟ್ಟ ಎಂದು ಮೈ ಜುಮ್ಮೆನ್ನಿಸಿಕೊಂಡು ಬೆಳೆದವರು ನಾವು. ಗುಡಿಯಲ್ಲಿ ಯಾರೂ ಮಂತ್ರದ ಅರ್ಥ ಕೇಳುವುದಿಲ್ಲ, ಆದ್ದರಿಂದ ಅಲ್ಲಿ ಮೊಳಗಿದರೆ ನಷ್ಟವಿಲ್ಲ ಎಂಬುದು ನಮಗೆ ಹೊಳೆಯಲಿಲ್ಲ. ಆಕೆ ಹೋದ ಮೇಲೆ ಹಿಂದಿನ ಗೋಡೆಗೆ ಇನ್ನೊಂದು ಕೈ ಹೆಚ್ಚಾಗಿಯೇ ನುಣುಪು ಎಳೆದೆ. ಹಠಕ್ಕೆ.

ಕೂಲಿಯವರು ಇನ್ನೊಂದು ಮೋಜು ಕಂಡುಹಿಡಿದಿದ್ದರು. ವೇದಿಕೆಯ ಬಾಗಿದ ಗೂಡಿನಲ್ಲಿ ಒಬ್ಬ ಕೂತು, ಎದುರು ಗೋಡೆಯ ನಡುಮಧ್ಯದ ಮುಂದೆ ಇನ್ನೊಬ್ಬ ನಿಂತು ಪಿಸುಗುಟ್ಟಿದರೆ, ಎಂಬತ್ತು ಅಡಿ ದಾಟಿ ಕಿವಿಯಲ್ಲಿ ಹೇಳಿದಂತೆ ಕೇಳುತ್ತಿತ್ತು. ನಡುವೆ ನಿಂತವರಿಗೆ ಏನೂ ಇಲ್ಲ. ಮೇಸ್ತ್ರಿ ಬರುತ್ತಿದ್ದಾನೆ ಎಂದು ಒಬ್ಬರಿಗೊಬ್ಬರು ಸುದ್ದಿ ಕೊಡಲು ಅದನ್ನು ಬಳಸುತ್ತಿದ್ದರು. ಒಂದು ದಿನ ನಾನೇ ಅಲ್ಲಿ ನಿಂತು, “ಬಂದಾಯ್ತು ಕಣ್ರೋ, ಏಳ್ರೋ” ಎಂದೆ. ವೇದಿಕೆ ಮೇಲೆ ಮಲಗಿದ್ದವರು ಬಿದ್ದೆವೋ ಎದ್ದೆವೋ ಎಂದು ಎದ್ದರು. ಎಲ್ಲರೂ ನಕ್ಕೆವು. ಇದನ್ನು ಬರೆಯುತ್ತಿರುವುದು ನಗಿಸಲು ಅಲ್ಲ. ಆ ಹಾಲ್ ಪಿಸುಮಾತನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಲು.

ಅಲ್ಲಿ ನಡೆದ ಮೊದಲ ಮದುವೆ ನನ್ನ ಮಗಳದೇ. ಗಂಡಿನವರು ಕನಕಪುರದ ಕಡೆಯವರು.

ಈಗ ನನ್ನ ಅಕ್ಕನ ವಿಷಯ ಬರೆಯಬೇಕು. ನನಗಿಂತ ಏಳು ವರ್ಷ ದೊಡ್ಡವಳು, ಮರಳವಾಡಿಗೆ ಕೊಟ್ಟಿದ್ದು. ಶಾಲೆಗೆ ಹೋದವಳಲ್ಲ. ಆದರೆ ಸೋಬಾನೆ ಪದದಲ್ಲಿ ಅವಳನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ. ಮದುವೆ ಮನೆಯಲ್ಲಿ ಒಬ್ಬಳು ಸಾಲು ಹೇಳುವುದು, ಉಳಿದ ಹೆಂಗಸರು ಅದೇ ಸಾಲನ್ನು ಎತ್ತಿಕೊಳ್ಳುವುದು, ಅವರು ಮುಗಿಸುವ ಹೊತ್ತಿಗೆ ಮೊದಲಿನವಳು ಮುಂದಿನ ಸಾಲು ಹಿಡಿಯುವುದು, ಇದು ಸೋಬಾನೆಯ ಕ್ರಮ. ಅಕ್ಕನಿಗೆ ನೂರಾರು ಪದ ಬಾಯಲ್ಲೇ ಇದ್ದವು. ಹಾರೋಹಳ್ಳಿ ಕಡೆಯಿಂದ ಕರೆಯಲು ಬರುತ್ತಿದ್ದರು. “ನಿಮ್ಮಕ್ಕ ಪದ ಹೇಳ್ದೆ ಇದ್ರೆ ಅದೊಂದು ಮದುವೆನಾ” ಎಂದು ನನ್ನ ಮುಂದೆಯೇ ಜನ ಹೇಳಿದ್ದಾರೆ. ಮೈಕು ಹಿಡಿದವಳೇ ಅಲ್ಲ, ಚಪ್ಪರದಡಿ ಕೂತು ಹೇಳಿದರೆ ಊರಾಚೆಗೆ ಕೇಳುತ್ತಿತ್ತು.

ಮದುವೆ ದಿನ ಮೈಕ್‌ಸೆಟ್‌ನವನು ಬಂದ. ನಾನೇ ತಡೆದೆ. “ಮೈಕು ಬ್ಯಾಡ ಕಣಪ್ಪ. ನನ್ ಹಾಲ್‌ಗೆ ಮೈಕ್ ಯಾಕೆ? ನಮ್ಮಕ್ಕ ಬಾಯಿ ಬಿಟ್ರೆ ಸಾಕು, ಮೊಳಗ್ತದೆ.” ಬೀಗರ ಎದುರು ಎರಡನ್ನೂ ತೋರಿಸುವ ಆಸೆ, ಅಕ್ಕನ ದನಿ ಮತ್ತು ನನ್ನ ಗೋಡೆ.

ಬೆಳಗಿನ ಮುಹೂರ್ತ. ಹಸೆಮಣೆಯನ್ನು ವೇದಿಕೆಯ ಬಾಗಿದ ಗೂಡಿನಲ್ಲೇ ಹಾಕಿಸಿದ್ದೆ. ಅಕ್ಕ ಮಗಳ ಪಕ್ಕ ನಿಂತಳು. ವೇದಿಕೆ ತುಂಬ ಗಂಡಿನ ಕಡೆಯವರೇ ಇದ್ದದ್ದರಿಂದ ಪದ ಎತ್ತಿಕೊಳ್ಳುವ ಹೆಂಗಸರು ಕೆಳಗೆ, ಒಂದಷ್ಟು ದೂರದಲ್ಲಿ ಕೂತರು. ನಾನು ಬಾಗಿಲ ಕಡೆ, ನಂಟರನ್ನು ಎದುರುಗೊಳ್ಳುತ್ತ ನಿಂತಿದ್ದೆ.

ಅಕ್ಕ ಮೊದಲ ಸಾಲು ಹೇಳಿದಳು. ದನಿ ಹಿಂದಿನ ಗೋಡೆಗೆ ಬಂದು ಬಡಿದು, ಚದುರದೆ, ಇದ್ದಂತೆಯೇ ಅವಳ ಕಿವಿಗೆ ವಾಪಸ್ಸು ಹೋಯಿತು. ಹೆಂಗಸರು ಎತ್ತಿಕೊಂಡರು ಎಂದುಕೊಂಡು ಅವಳು ಎರಡನೇ ಸಾಲು ಹಿಡಿದಳು. ಹೆಂಗಸರು ಆಗ ಇನ್ನೂ ಮೊದಲ ಸಾಲು ಶುರುಮಾಡಿದ್ದರು. ಅವರ ಸಾಲೂ ಗೋಡೆಗೆ ಬಂದು ತಿರುಗಿತು. ಅಕ್ಕ ನಿಲ್ಲಿಸಿದಳು. ಅವಳು ನಿಲ್ಲಿಸಿದ್ದು ಕಂಡು ಅವರೂ ನಿಲ್ಲಿಸಿದರು. ಮತ್ತೆ ಮೊದಲಿಂದ. ಈ ಸಲ ಇನ್ನೂ ಕೆಟ್ಟಿತು. ನೀರು ಹೆಚ್ಚಾದ ಮುದ್ದೆಯ ಹಾಗೆ ಎಲ್ಲ ಮಾತೂ ಅಂಟಿಕೊಂಡು, ಗಂಟುಗಂಟಾಗಿ, ಯಾವ ಪದ ಯಾವುದು ಎಂದೇ ತಿಳಿಯದೆ ಹೋಯಿತು. ಯಾರೋ ಹುಡುಗರು ಕಿಸಕ್ಕೆಂದರು. ಮೂರನೇ ಸಲ ಅಕ್ಕ ಅರ್ಧ ಸಾಲಿಗೇ ಬಾಯಿ ಮುಚ್ಚಿದಳು. ಹಾಲ್ ಪೂರ ಮೌನವಾಯಿತು.

ನನ್ನ ಪಕ್ಕ ಗಂಡಿನ ದೊಡ್ಡಪ್ಪ ನಿಂತಿದ್ದರು. ಮೀಸೆಯಲ್ಲಿ ನಗುತ್ತ, “ಏನ್ ಬೀಗ್ರೇ, ನಿಮ್ ಕಡೆ ಹೆಂಗಸ್ರಿಗೆ ಪದ ಬರಕಿಲ್ವಾ?” ಎಂದರು.

ಆ ಗಳಿಗೆಯಲ್ಲಿ ನನಗೆ ಎಲ್ಲ ಗೊತ್ತಾಯಿತು. ಇಂಜಿನಿಯರ್ ತಟ್ಟಿದ ಚಪ್ಪಾಳೆ ನೆನಪಾಯಿತು. ತಪ್ಪು ಗೋಡೆಯದು, ಗೋಡೆ ನನ್ನದು. ಬೀಗರ ಮುಂದೆ ಅದನ್ನು ಒಪ್ಪಿಕೊಳ್ಳುವ ಬದಲು ಅವರ ಕಿವಿಯ ಹತ್ತಿರ ಬಾಗಿ ಸಣ್ಣಗೆ ಹೇಳಿದೆ:

“ನಮ್ಮಕ್ಕಂಗೆ ಗಂಟ್ಲು ಹೋಗೈತೆ. ವಯಸ್ಸಾಯ್ತು, ಆದ್ರೂ ಹೇಳ್ತೀನಿ ಅಂತ ಹಠ ಮಾಡ್ತಾಳೆ. ಬುಡಿ, ವಾಲಗ ಊದುಸ್ತೀನಿ.”

ಹೇಳಿ ತಲೆ ಎತ್ತಿದರೆ ಅಕ್ಕ ನೇರ ನನ್ನನ್ನೇ ನೋಡುತ್ತಿದ್ದಳು. ಆಗ ನಾನು ಎಲ್ಲಿ ನಿಂತಿದ್ದೇನೆ ಎಂಬುದು ಗಮನಕ್ಕೆ ಬಂತು. ಬಾಗಿದ ಗೋಡೆಯ ನಡುಮಧ್ಯದಲ್ಲಿ. ಅವಳ ಪದವನ್ನು ಮುದ್ದೆ ಮಾಡಿದ ಕಟ್ಟಡ ನನ್ನ ಪಿಸುಮಾತನ್ನು ಒಂದಕ್ಷರ ಬಿಡದೆ ಅವಳಿಗೆ ಮುಟ್ಟಿಸಿತ್ತು.

ಅವಳು ಸೆರಗು ಸರಿಮಾಡಿಕೊಂಡಳು. ಧಾರೆಗೆ ನಿಂತಳು, ಅಕ್ಷತೆ ಹಾಕಿದಳು, ಪಂಕ್ತಿಯಲ್ಲಿ ಕೂತು ಊಟವನ್ನೂ ಮಾಡಿದಳು. ಊಟ ಬಿಟ್ಟು ಹೋಗಿದ್ದರೆ ಹಿಂದೆ ಓಡಿ ತಡೆಯಬಹುದಿತ್ತು, ಆ ದಾರಿಯನ್ನೂ ಅವಳು ನನಗೆ ಉಳಿಸಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಮಗಳ ತಲೆ ಸವರಿದಳು. ನನಗೆ, “ಬತ್ತೀನಿ ಕಣ್ಲಾ” ಎಂದಳು, ಎಂದಿನ ಹಾಗೇ.

ಆಮೇಲೆ ಅವಳು ಪದ ಹೇಳಲಿಲ್ಲ. ಯಾರ ಮದುವೆಯಲ್ಲೂ ಇಲ್ಲ. ಕರೆಯಲು ಹೋದವರಿಗೆ ಒಂದೇ ಉತ್ತರ: “ನಂಗೆ ಗಂಟ್ಲು ಹೋಗೈತೆ ಕಣವ್ವ. ನಮ್ ತಮ್ಮ ಹೇಳವ್ನೆ.” ಹುಷಾರಿಲ್ಲ, ಪದ ಮರೆತಿದ್ದೇನೆ, ಕೆಲಸ ಇದೆ ಎಂಬ ಬೇರೆ ನೆಪ ಹೂಡಲಿಲ್ಲ. ಪ್ರತಿ ಸಲವೂ ನನ್ನದೇ ಮಾತು. ಅದು ಬಾಯಿಂದ ಬಾಯಿಗೆ ಬಂದು ರಾಮನಗರದಲ್ಲಿ ರೇಷ್ಮೆ ಗೂಡು ಮಾರಲು ಬಂದವರಿಂದ ನನಗೇ ಮುಟ್ಟಿತು. “ಏನ್ ಮೇಸ್ತ್ರಿ, ನಿಮ್ಮಕ್ಕನ ಗಂಟ್ಲಿಗೆ ನೀವೇ ಡಾಕ್ಟ್ರಂತೆ” ಎಂದು ಒಬ್ಬ ನಕ್ಕ. ನಾನೂ ನಕ್ಕೆ. ಆ ನಗುವನ್ನೂ ಇಲ್ಲಿ ಬರೆದಿಡುತ್ತೇನೆ.

ಮನೆಯವರು ನನಗೆ ಸಮಾಧಾನ ಹೇಳುತ್ತಿದ್ದರು. ಹಬ್ಬಕ್ಕೆ ಬರುತ್ತಾಳಲ್ಲ, ಮಾತಾಡುತ್ತಾಳಲ್ಲ, ಅವಳಿಗೆ ಸಿಟ್ಟಿಲ್ಲ ಎಂದು. ಆ ಸಮಾಧಾನ ನನಗೆ ಬೇಡ. ಸಿಟ್ಟಿಲ್ಲದಿದ್ದರೆ ತಪ್ಪು ಕರಗುತ್ತದೆಯೇ? ಹೋಗಲಿ, ಒಂದು ಹಾಡು ತಾನೇ ಎಂದವರೂ ಇದ್ದಾರೆ. ಅವರ ಕೈಯಿಂದ ಅವರ ಕಸುಬನ್ನು ಒಬ್ಬರು ಒಂದು ಮಾತಿಗೆ ಕಿತ್ತುಕೊಳ್ಳಲಿ, ಆಮೇಲೆ ಮಾತಾಡೋಣ. ನನಗೆ ಕೈ ಬರುವುದಿಲ್ಲ ಅಂದುಬಿಟ್ಟಾರು ಎಂದು ಹೆದರಿ ನುಣುಪು ಗಾರೆ ಎಳೆದವನು ನಾನು. ಅವಳಿಗೆ ದನಿ ಹೋಗಿದೆ ಎಂದು ಸಾರಿದವನೂ ನಾನೇ.

ಇತ್ತ ಹಾಲ್ ತನ್ನ ಚಾಳಿ ಬಿಡಲಿಲ್ಲ. ಭಾಷಣ ಮಾಡಿದವರ ಮಾತು ಅವರಿಗೇ ತಿಳಿಯದು. ಮೈಕು ಹಾಕಿದರೆ ಇನ್ನೂ ಗದ್ದಲ. ಪ್ರತಿ ಸಲವೂ ಮೈಕ್‌ಸೆಟ್‌ನವನಿಗೆ ಬೈಗುಳ. ಹೋದ ವರ್ಷ ಭವನದ ಸಮಿತಿಯವರು ಸಭೆ ಕರೆದು ಮೈಕ್‌ಸೆಟ್ ಬದಲಾಯಿಸುವುದು, ಗೋಡೆಗೆ ಹೊಸ ಬಣ್ಣ ಹೊಡೆಸುವುದು ಎಂದು ತೀರ್ಮಾನಿಸುತ್ತಿದ್ದರು. ನಾನು ಎದ್ದು ನಿಂತೆ.

“ಮೈಕಿನ ತಪ್ಪಲ್ಲ. ಗೋಡೆ ತಪ್ಪು. ಕಟ್ಟಿದ್ದು ನಾನು. ಬ್ಯಾಡ ಅಂತ ಹೇಳಿದ್ರೂ ಕೇಳ್ದೆ ಕಟ್ಟಿದ್ದು.”

ಸಮಿತಿಯ ಅಧ್ಯಕ್ಷ ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. “ಲೇ, ಕೂತ್ಕೊಳ್ಲಾ. ಇಷ್ಟ್ ವರ್ಷ ಆದ್ಮೇಲೆ ಅದೆಲ್ಲ ಯಾಕೆ? ಗೋಡೆ ಎಷ್ಟ್ ಚೆನ್ನಾಗೈತೆ.”

“ಚೆನ್ನಾಗೈತೆ. ಅದೇ ತಪ್ಪು.”

“ವಯಸ್ಸಾಯ್ತು ನಿಂಗೆ” ಎಂದ. ಅದೇ ಮಾತನ್ನು ನಾನು ಒಬ್ಬಳ ಮೇಲೆ ಎಸೆದಿದ್ದೆನಲ್ಲ, ಚುಚ್ಚಬೇಕಾದ ಕಡೆಯೇ ಚುಚ್ಚಿತು. ಅವರ ಒಪ್ಪಿಗೆಗೆ ನಾನು ಕಾಯಲಿಲ್ಲ. ಮಾರನೇ ಬೆಳಗ್ಗೆ ಚಾಣ, ಸುತ್ತಿಗೆ ತೆಗೆದುಕೊಂಡು ಹೋಗಿ ಹಿಂದಿನ ಗೋಡೆಯನ್ನು ಕಚ್ಚು ಹೊಡೆದು ಒರಟು ಮಾಡತೊಡಗಿದೆ. ನನ್ನ ಗಾರೆ ಸುಲಭವಾಗಿ ಬಿಡಲಿಲ್ಲ, ಅಷ್ಟು ಗಟ್ಟಿ ಇತ್ತು. ಪ್ರತಿ ಏಟಿಗೂ ಸದ್ದು ವೇದಿಕೆಗೆ ಹೋಗಿ ವಾಪಸ್ಸು ಬಂದು ಬೆನ್ನಿಗೆ ಬಡಿಯುತ್ತಿತ್ತು. ಅಧ್ಯಕ್ಷ ಓಡಿ ಬಂದ.

“ಏನ್ಲಾ ಇದು? ಊರ ಆಸ್ತಿ ಕಣ್ಲಾ. ಪೊಲೀಸ್ ಕರೀತೀನಿ.”

“ಕರಿ. ಮೇಸ್ತ್ರಿ ತನ್ ಗಾರೆ ತಾನೇ ಕೀಳ್ತಾವ್ನೆ ಅಂತ ಬರ್ಸು.”

“ಹುಚ್ಚು ಹಿಡಿದದೆ ನಿಂಗೆ.”

“ಒಸಿ ಅತ್ಲಾಗ್ ನಿಂತ್ಕೊ, ಕಣ್ಣಿಗೆ ಚೂರು ಸಿಡೀತದೆ.”

ಅವನು ಬೈದ, ಹೋದ, ಮತ್ತೆ ಬಂದ. ಪೊಲೀಸ್ ಬರಲಿಲ್ಲ. ಒಂಬತ್ತು ದಿನ ಹಿಡಿಯಿತು. ಈ ವಯಸ್ಸಿಗೆ ರಟ್ಟೆ ಎರಡೂ ಬಾತುಕೊಂಡವು. ಗೋಡೆ ಸಿಡುಬು ಬಿದ್ದ ಮುಖದ ಹಾಗಾಯಿತು. ಆದರೂ ಚಪ್ಪಾಳೆ ತಟ್ಟಿದರೆ ಸದ್ದು ಪೂರ್ತಿ ಸಾಯಲಿಲ್ಲ. ಆಗ ಹುಳುಮನೆ ನೆನಪಾಯಿತು. ಈಗ ಎಲ್ಲರೂ ಪ್ಲಾಸ್ಟಿಕ್ಕಿನದು ತಂದುಕೊಂಡಿದ್ದಾರೆ, ಬಿದಿರಿನ ಚಂದ್ರಿಕೆಗಳು ಕೊಟ್ಟಿಗೆಗಳ ಅಟ್ಟದಲ್ಲಿ ಗೆದ್ದಲು ಹಿಡಿದು ಬಿದ್ದಿವೆ. ಕೇಳಿದವರೆಲ್ಲ ಕೊಟ್ಟರು. ಟೆಂಪೋದಲ್ಲಿ ತುಂಬಿಸಿ ತಂದು, ಬಿಸಿಲಿಗೆ ಒಣಗಿಸಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲುವಂತೆ ಮೊಳೆ ಹೊಡೆದು ನೇತುಹಾಕಿದೆ. ಸುರುಳಿ ಸುರುಳಿ ಬಿದಿರು ಪಟ್ಟಿಗಳ ಸಂದಿಯಲ್ಲಿ ಹೊಕ್ಕ ಸದ್ದು ಚೂರಾಗಿ, ತಿರುಗಿ ಬರುವುದು ಮರೆಯಿತು.

“ಕಲ್ಯಾಣ ಮಂಟಪ ಹೋಗಿ ಹುಳುಮನೆ ಆಯ್ತು” ಎಂದ ಅಧ್ಯಕ್ಷ.

“ವೇದಿಕೆ ಮೇಲ್ ನಿಂತ್ಕೊಂಡು ಅದನ್ನೇ ಇನ್ನೊಂದ್ ಸಲ ಹೇಳು.”

ಹತ್ತಿ ನಿಂತು ಹೇಳಿದ. ಬಾಗಿಲ ಬಳಿ ನಿಂತ ನನಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಅವನು ತನ್ನ ತಾತನ ಹೆಸರು ಹೇಳಿದ, ಮಗ್ಗಿ ಹೇಳಿದ, ನನಗೆ ಇನ್ನೊಂದು ಸಲ ಬೈದ. ಎಲ್ಲ ಚೆನ್ನಾಗಿ ಕೇಳಿಸಿತು.

ಮುಂದಿನ ವಾರ ಮರಳವಾಡಿಗೆ ಹೊರಟೆ. ಮಾಗಡಿಯಿಂದ ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಕನಕಪುರಕ್ಕೆ ಒಂದು, ಆಮೇಲೆ ಇನ್ನೊಂದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಕ್ಕ ಜಗುಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಎಂಬತ್ತರ ಹತ್ತಿರ ಬಂದರೂ ಕಿವಿ ಚುರುಕು, ದನಿ ಗಟ್ಟಿ. ನಾನು ಅವಳ ಎದುರು ಕೂತು ಗೋಡೆಯ ಕತೆ ಪೂರ ಹೇಳಿದೆ. ದನಿ ಹೇಗೆ ತಿರುಗುತ್ತದೆ, ಬಾಗಿದ ಗೋಡೆ ಏನು ಮಾಡುತ್ತದೆ, ಇಂಜಿನಿಯರ್ ಏನು ಹೇಳಿದ್ದಳು, ಚಂದ್ರಿಕೆ ಹೇಗೆ ಕಟ್ಟಿದೆ, ಎಲ್ಲ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

“ಅವತ್ತು ನಿನ್ ಪದ ಕೆಟ್ಟಿದ್ದು ಗೋಡೆಯಿಂದ ಕಣಕ್ಕ. ಈಗ ಸರಿ ಮಾಡಿದ್ದೀನಿ. ಬಂದು ಒಂದ್ ಪದ ಹೇಳು.”

“ಗೋಡೆಯಿಂದ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣ್ಲಾ. ಚಪ್ಪರದಾಗೆ ಕೆಡ್ದೆ ಇದ್ದದ್ದು ಅಲ್ಲಿ ಕೆಡ್ತು ಅಂದ್ರೆ ಗೋಡೆ ಅಲ್ದೆ ಇನ್ನೇನು?”

“ಮತ್ಯಾಕೆ ಪದ ಹೇಳೋದು ಬುಟ್ಟೆ?”

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. “ಗಂಟ್ಲು ಹೋಗೈತೆ ಅಂತ ಗೋಡೆ ಅಂದಿತ್ತಾ?”

ದಾರಿಯಲ್ಲಿ ಜೋಡಿಸಿಕೊಂಡ ಮಾತಿನಲ್ಲಿ ಗೋಡೆ ಇತ್ತು, ಗಾರೆ ಇತ್ತು, ಬಿದಿರು ಇತ್ತು. ಬೀಗರ ಕಿವಿಯಲ್ಲಿ ನಾನು ಆಡಿದ್ದು ಇರಲಿಲ್ಲ.

“ನೀನು ಒಂದ್ ಪದ ಹೇಳ್ಬೇಕಾಗಿತ್ತು, ನಾನಲ್ಲ” ಎಂದಳು. ನಮ್ಮ ಕಡೆ ಹಾಡಿಗೂ ಪದ ಎನ್ನುತ್ತೇವೆ, ಮಾತಿಗೂ ಪದ ಎನ್ನುತ್ತೇವೆ. ಅವಳು ಯಾವುದನ್ನು ಕೇಳುತ್ತಿದ್ದಾಳೆ ಎಂದು ನನಗೆ ಸ್ಪಷ್ಟವಾಗಿತ್ತು. ಗಂಟಲು ಕಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಟ್ಟಿರಲಿಲ್ಲ. ಎಪ್ಪತ್ತೆರಡು ವರ್ಷದ ಗಂಡಸು ಹೆಂಗಸಿನ ಮುಂದೆ ತಪ್ಪಾಯ್ತು ಎನ್ನುವುದು ಹೇಗೆ ಎಂದು ಸುಮ್ಮನೆ ಕೂತಿದ್ದೆ. ಊಟಕ್ಕೆ ಎಬ್ಬಿಸಿದಳು. ಉಂಡೆ. ಸಂಜೆ ಬಸ್ಸು ಹತ್ತಿದೆ.

ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಕನಕಪುರಕ್ಕೆ ಹೋಗಿ ಅಳಿಯನ ದೊಡ್ಡಪ್ಪನ ಮುಂದೆ, “ಅವತ್ತು ನಾನ್ ಹೇಳಿದ್ದು ಸುಳ್ಳು, ತಪ್ಪಾಯ್ತು” ಎಂದೆ. ಅವರಿಗೆ ಆ ಮದುವೆಯ ಊಟ ಬಿಟ್ಟು ಬೇರೇನೂ ನೆನಪಿರಲಿಲ್ಲ. ಮಗಳಿಗೆ ಹೇಳಿದೆ. ಬೈಸಿಕೊಂಡ ಮೈಕ್‌ಸೆಟ್‌ನವನಿಗೂ ಹೇಳಿದೆ. ಇಂಜಿನಿಯರ್ ಈಗ ಎಲ್ಲಿದ್ದಾಳೋ ತಿಳಿಯದು, ಸಿಕ್ಕಿದರೆ ಅವಳಿಗೂ ಹೇಳುತ್ತೇನೆ. ಇವರ ಮುಂದೆಲ್ಲ ಬಾಯಿ ಬಂತು, ಯಾಕೆಂದರೆ ಇವರಲ್ಲಿ ಯಾರೂ ನನ್ನಿಂದ ಅದನ್ನು ಕೇಳಿರಲಿಲ್ಲ.

ಈ ಬರಹವನ್ನೇ ಕ್ಷಮಾಪಣೆ ಎಂದು ಯಾರೂ ಎಣಿಸಬೇಡಿ. ಅವಳಿಗೆ ಓದಲು ಬರುವುದಿಲ್ಲ. ಇನ್ನೊಬ್ಬರು ಓದಿ ಹೇಳಿದರೆ ಅದು ಮತ್ತೆ ನನ್ನ ಮಾತನ್ನು ಬೇರೆ ದಾರಿಯಿಂದ ಮುಟ್ಟಿಸಿದಂತೆ. ಒಂದು ಸಲ ಹಾಗೆ ಮುಟ್ಟಿಸಿದ್ದು ಸಾಕು. ಅದನ್ನು ನಾನೇ ಹೋಗಿ, ಎದುರು ಕೂತು, ಎಲ್ಲರಿಗೂ ಕೇಳುವ ದನಿಯಲ್ಲಿ ಹೇಳಬೇಕು. ಇನ್ನೂ ಹೇಳಿಲ್ಲ. ಊರಿಗೆಲ್ಲ ತಪ್ಪಾಯ್ತು ಎಂದ ಮೇಲೂ ನಾನು ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ಒಬ್ಬಳನ್ನು. ಅವಳು ನನ್ನ ಅಕ್ಕ.